ಕಿರುಸಂದೇಶವೂ ಕೂಸಿನ ಲಸಿಕೆಯೂ

ಸಾಲದ ಕಂತಿನ ದಿನ ಸಮೀಪಿಸಿತೆಂದರೆ ಗ್ರಾಹಕನ ಮೊಬೈಲಿಗೆ ಸಂದೇಶ ಕಳುಹಿಸುವುದು ಬ್ಯಾಂಕುಗಳಲ್ಲಿ ಇಂದು ನಿತ್ಯದ ಕ್ರಮ. ಅದೇ ಉಪಾಯವು ಮಕ್ಕಳ ಲಸಿಕೆಗೂ ಬಂದಿದೆ. ಕೇಂದ್ರ ಸರಕಾರದ ಯು-ವಿನ್ ವ್ಯವಸ್ಥೆಯಲ್ಲಿ ಹೆಸರು ದಾಖಲಾದ ಮಗುವಿನ ಮುಂದಿನ ಲಸಿಕೆಯ ದಿನವನ್ನು ಪಾಲಕರಿಗೆ ಕಿರುಸಂದೇಶದ ಮೂಲಕ ತಿಳಿಸಲಾಗುತ್ತದೆ. ಊರು ಬಿಟ್ಟು ಬಂದು ಮಹಾನಗರದಲ್ಲಿ ನೆಲೆಸಿದ ನಮ್ಮಂಥವರಿಗೆ ಇದು ನಿಜಕ್ಕೂ ಒದಗಿಬರುವ ಏರ್ಪಾಡು.

ಆದರೆ ಸಂದೇಶವೊಂದೇ ಎಷ್ಟರಮಟ್ಟಿಗೆ ಫಲಕಾರಿ? ಪಶ್ಚಿಮ ಕೆನ್ಯಾದ ಹಳ್ಳಿಗಳಲ್ಲಿ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದನ್ನು ಪರಿಶೀಲಿಸಿತು. ಸಂದೇಶವಿಲ್ಲದ ಗುಂಪಿನಲ್ಲಿ ಶೇಕಡ 82 ಮಕ್ಕಳು ಎಲ್ಲ ಲಸಿಕೆಗಳನ್ನು ಪಡೆದಿದ್ದರು. ಸಂದೇಶ ಮಾತ್ರ ಹೋದ ಗುಂಪಿನಲ್ಲಿ ಶೇಕಡ 86. ಸಂದೇಶದೊಡನೆ ಸಕಾಲಿಕ ಲಸಿಕೆಗೆ 200 ಶಿಲ್ಲಿಂಗ್ ದೊರೆತಲ್ಲಿ ಶೇಕಡ 90. ಇವುಗಳಲ್ಲಿ ನಿಸ್ಸಂದೇಹವಾದ ಹೆಚ್ಚಳವೆಂದು ಎಣಿಸಬಹುದಾದುದು ಕೊನೆಯದೊಂದೇ. ಮರೆತವನಿಗೆ ಸಂದೇಶ ನೆರವಾದೀತು. ಒಂದು ದಿನದ ಕೂಲಿ ಬಿಟ್ಟು ಹೋಗಲಾರದವನಿಗೆ ಅದರಿಂದೇನು?

ನಮ್ಮ ಮನೆಗಳ ತೊಡಕು ಬೇರೆ ಬಗೆಯದು. ಚೊಚ್ಚಲ ಹೆರಿಗೆ ತವರಿನಲ್ಲಿ. ಮಗು ಹುಟ್ಟುವುದು ಧಾರವಾಡದಲ್ಲೋ ಉಡುಪಿಯಲ್ಲೋ. ಹುಟ್ಟಿದೊಡನೆ ಹಾಕುವ ಬಿಸಿಜಿ, ಪೋಲಿಯೋ ಹನಿ, ಅನಂತರ 6, 10, 14ನೆಯ ವಾರಗಳ ಲಸಿಕೆಗಳೆಲ್ಲ ಬಾಣಂತನದ ಅವಧಿಯಲ್ಲಿಯೇ ಮುಗಿಯುತ್ತವೆ. ನೋಂದಣಿಯ ಪುಸ್ತಕದಲ್ಲಿ ಬರೆಯಿಸಿದ ಫೋನ್ ಸಂಖ್ಯೆ ಬಹುಶಃ ಅಜ್ಜನದು. ಐದನೆಯ ತಿಂಗಳಿನಲ್ಲಿ ತಾಯಿಮಗು ಮುಂಬಯಿಗೋ ಪುಣೆಗೋ ಬಂದಿಳಿಯುತ್ತಾರೆ. ಒಂಬತ್ತನೆಯ ತಿಂಗಳಿನ ದಡಾರ-ರುಬೆಲ್ಲಾ ಲಸಿಕೆಯ ಕರೆ ಮಾತ್ರ ಊರಿನಲ್ಲಿ, ಅಜ್ಜನ ಅಂಗಿಯ ಜೇಬಿನಲ್ಲಿ ಮೊಳಗುತ್ತದೆ! ತಂದೆಯ ಸಂಖ್ಯೆ ಕೊಟ್ಟಿದ್ದರೂ ಸ್ಥಿತಿ ಅಷ್ಟೇನೂ ಉತ್ತಮವಲ್ಲ. ಲೋಕಲ್ ಗಾಡಿಯ ನೂಕುನುಗ್ಗಲಿನಲ್ಲಿ ಬಂದ ಸಂದೇಶ ಸಾಯಂಕಾಲದ ಹೊತ್ತಿಗೆ ಹತ್ತಾರು ಜಾಹೀರಾತುಗಳ ಅಡಿಗೆ ಸೇರಿರುತ್ತದೆ. ವಿಳಾಸ ಬದಲಿಸಿದ ಗ್ರಾಹಕನನ್ನು ಅರಸಿ ಸುಸ್ತಾದ ಬ್ಯಾಂಕ್ ನೌಕರನಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಆ ಒಂಬತ್ತನೆಯ ತಿಂಗಳಿನ ಸರದಿಯನ್ನು ಹಗುರವಾಗಿ ಕಾಣಲಾಗದು. 2022ರಲ್ಲಿ ಮುಂಬಯಿಯ ಗೋವಂಡಿ ಮೊದಲಾದ ಬಡಾವಣೆಗಳಲ್ಲಿ ದಡಾರ ಹಬ್ಬಿ ಎಳೆಯ ಮಕ್ಕಳು ಅಸುನೀಗಿದರು. ಲಸಿಕೆ ಪೂರ್ಣವಾಗದ ಮಕ್ಕಳೇ ರೋಗಕ್ಕೆ ಹೆಚ್ಚಾಗಿ ತುತ್ತಾದವರು.

ಆದುದರಿಂದ ನೋಂದಣಿಯ ವೇಳೆಯಲ್ಲಿಯೇ ಮಗುವಿನ ಬಳಿ ಸದಾ ಇರುವವರ, ಎಂದರೆ ತಾಯಿಯ ಸಂಖ್ಯೆಯನ್ನು ಬರೆಯಿಸುವುದು ಲೇಸು. ತವರಿನಿಂದ ಹೊರಡುವಾಗ ಬೆಳ್ಳಿಯ ಬಟ್ಟಲಿನೊಡನೆ ತಾಯಿ ಕಾರ್ಡನ್ನೂ ಗಂಟಿನಲ್ಲಿಡಬೇಕು. ಇಲ್ಲಿಗೆ ಬಂದೊಡನೆ ಸಮೀಪದ ಮಹಾನಗರಪಾಲಿಕೆಯ ಆರೋಗ್ಯ ಕೇಂದ್ರದಲ್ಲಿ ತೋರಿಸಬೇಕು. ಭಾಷೆ ಬಾರದ ಹೊಸ ತಾಯಿಯ ಜೊತೆಯಲ್ಲಿ ಸಂಘದ ಮಹಿಳಾ ವಿಭಾಗದವರೊಬ್ಬರು ಹೋದರೆ ಅರ್ಧ ಕೆಲಸ ಮುಗಿದಂತೆಯೇ. ಸರಕಾರಿ ಕೇಂದ್ರದ ಲಸಿಕೆ ಉಚಿತ. ಅದರ ಹೆಸರಿನಲ್ಲಿ ಹಣವನ್ನಾಗಲಿ ಬ್ಯಾಂಕ್ ಖಾತೆಯ ವಿವರವನ್ನಾಗಲಿ ಕೇಳುವ ಸಂದೇಶ ಮೋಸದ್ದೆಂದೇ ತಿಳಿಯಿರಿ. ದಿನ ಮೀರಿತೆಂದು ಹಿಂಜರಿಯುವವರೂ ಉಂಟು. ತಪ್ಪಿದ ಸರದಿಯಿಂದಲೇ ಮುಂದುವರಿಸಬಹುದು, ಮೊದಲಿನಿಂದ ಆರಂಭಿಸಬೇಕಾಗಿಲ್ಲ. ದಡಾರ-ರುಬೆಲ್ಲಾ ಲಸಿಕೆಯನ್ನು ಐದು ವರ್ಷ ತುಂಬುವವರೆಗೂ ಸರಕಾರಿ ಕೇಂದ್ರಗಳಲ್ಲಿ ಹಾಕುತ್ತಾರೆ.