ಆ ರೈಲು ಡಾರ್ಜಿಲಿಂಗಿನದಲ್ಲ

‘ದಿಲ್ ಸೇ’ (1998) ಚಿತ್ರದ ‘ಛೈಯಾ ಛೈಯಾ’ ಹಾಡಿನ ಮಾತೆತ್ತಿದರೆ ಸಾಕು, ಡಾರ್ಜಿಲಿಂಗ್ ಎನ್ನುವವರು ಇವತ್ತಿಗೂ ಸಿಗುತ್ತಾರೆ. ಕತೆ ಈಶಾನ್ಯದ್ದು, ಬೆಟ್ಟ, ಮಂಜು, ಪುಟಾಣಿ ರೈಲು ಎಲ್ಲ ಇವೆ. ಹಾಗನ್ನಿಸುವುದು ಸಹಜವೇ. ಆದರೆ ಶಾರುಖ್ ಖಾನ್ ಕುಣಿದದ್ದು ನಮ್ಮ ಊಟಿ ರೈಲಿನ ನೆತ್ತಿಯ ಮೇಲೆ. ಡಾರ್ಜಿಲಿಂಗಿನ ಹಳಿ ಬರೀ ಎರಡಡಿ ಅಗಲ, ನಮ್ಮದು ಮೀಟರ್ ಗೇಜು. ಅಷ್ಟೊಂದು ಜನ ಹೆಜ್ಜೆ ಹಾಕಲು ಆ ಬೋಗಿಗಳ ಮೇಲೆ ಜಾಗವೆಲ್ಲಿ ಸಾಕು?

ಅದೆಲ್ಲ ಸ್ಟುಡಿಯೋದ ಕೈಚಳಕ ಎನ್ನುವವರೂ ಇದ್ದಾರೆ. ಸಂತೋಷ್ ಶಿವನ್ ಕ್ಯಾಮೆರಾ ಓಡಿದ್ದು ನಿಜವಾಗಿ ಚಲಿಸುವ ರೈಲಿನ ಮೇಲೆಯೇ. ಮಲೈಕಾ ಅರೋರಾ ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಕುಣಿದರು. ಅದನ್ನು ಬಿಚ್ಚಿದಾಗ ಚರ್ಮ ಕಿತ್ತು ರಕ್ತ ಬಂದಿತ್ತೆಂದು ಅವರೇ ಹೇಳಿಕೊಂಡಿದ್ದಾರೆ. ಪುಣ್ಯಕ್ಕೆ ಈ ರೈಲಿಗೆ ಅವಸರವೆಂಬುದೇ ಗೊತ್ತಿಲ್ಲ. ಕಲ್ಲಾರಿನಿಂದ ಕೂನೂರಿನವರೆಗೆ ಹಳಿಗಳ ನಡುವೆ ಹಲ್ಲಿನ ಪಟ್ಟಿ ಹಾಸಿದೆ. 12 ಅಡಿ ಸಾಗಿದರೆ ಒಂದಡಿ ಏರು. ಇಂಜಿನ್ನಿನ ಹಲ್ಲುಚಕ್ರ ಆ ಪಟ್ಟಿಯನ್ನು ಕಚ್ಚಿ ಕಚ್ಚಿ, ಹಿಂದಿನಿಂದ ಬೋಗಿಗಳನ್ನು ತಳ್ಳಿಕೊಂಡು ಮೇಲೇರುತ್ತದೆ.

ಶಾರುಖ್‌ಗಿಂತ 14 ವರ್ಷ ಮೊದಲೇ ಒಬ್ಬರು ಈ ರೈಲಿನ ಹೊರಗೆ ಜೋತಾಡಿದ್ದರು. ಡೇವಿಡ್ ಲೀನ್ ಅವರ ‘ಎ ಪ್ಯಾಸೇಜ್ ಟು ಇಂಡಿಯಾ’ (1984) ಚಿತ್ರದ ಡಾಕ್ಟರ್ ಅಜೀಜ್, ಅಂದರೆ ವಿಕ್ಟರ್ ಬ್ಯಾನರ್ಜಿ. ಕತೆಯ ಮರಬಾರ್ ಗುಹೆಗಳಿಗೆ ಮೂಲ ಬಿಹಾರದ ಬರಾಬರ್ ಗುಹೆಗಳು. ಚಿತ್ರೀಕರಣವೂ ಅಲ್ಲೇ ಎಂದು ನಂಬಿದವರು ಬಹಳ. ಅಸಲಿಗೆ ರೈಲು ನೀಲಗಿರಿಯದು, ಬಂಡೆಗಳು ಸಾವನದುರ್ಗ ಮತ್ತು ರಾಮದೇವರಬೆಟ್ಟದವು. ‘ಶೋಲೆ’ಯ ಗಬ್ಬರ್ ಸಿಂಗ್ ಕೂಗಾಡಿದ್ದ ಅದೇ ರಾಮನಗರ. ನೀಲಗಿರಿಯ ಬುಡದ ಮೇಟ್ಟುಪಾಳಯಂನಲ್ಲಿ ಹತ್ತಿ ಮಾಗಡಿ ರಸ್ತೆಯಲ್ಲಿ ಇಳಿದ ಹಾಗೆ!

‘ರೋಜಾ’ (1992) ಚಿತ್ರದ ಕಾಶ್ಮೀರದ ಕತೆಯೂ ಇಷ್ಟೇ. ಅಲ್ಲಿ ಉಗ್ರರ ಹಾವಳಿ ಇದ್ದುದರಿಂದ ಕೂನೂರು, ಊಟಿ, ಮನಾಲಿಗಳೇ ಕಾಶ್ಮೀರವಾದವು.

ಈ ಬೆಟ್ಟ ಯಾರ ವೇಷವನ್ನೂ ಹಾಕದೆ ತಾನೇ ತಾನಾಗಿ ಕಾಣಿಸಿಕೊಂಡದ್ದು ಬಾಲು ಮಹೇಂದ್ರರ ‘ಮೂನ್ರಾಂ ಪಿರೈ’ (1982) ಚಿತ್ರದಲ್ಲಿ. ಕಮಲ್ ಹಾಸನ್ ಅಲ್ಲಿ ಕೇತ್ತಿಯ ಶಾಲಾ ಮೇಷ್ಟ್ರು. ಹಿಂದಿಯ ‘ಸದ್ಮಾ’ ನೋಡಿದವರು ತಮಿಳಿನದು ಅದರ ನಕಲು ಎನ್ನುವುದುಂಟು. ‘ಸದ್ಮಾ’ ಬಂದದ್ದೇ ಮರುವರ್ಷ. ಅಂದ ಹಾಗೆ, ಬಾಲು ಮಹೇಂದ್ರ ನಿರ್ದೇಶಿಸಿದ ಮೊದಲ ಚಿತ್ರ ತಮಿಳಿನದಲ್ಲ, ಕನ್ನಡದ ‘ಕೋಕಿಲ’ (1977). ಅದರಲ್ಲೂ ಕಮಲ್ ಇದ್ದರು.

‘ಮೂನ್ರಾಂ ಪಿರೈ’ಯಲ್ಲಿ ನೆನಪು ಕಳೆದುಕೊಂಡ ಹುಡುಗಿಯ ಪಾತ್ರಕ್ಕೆ ಶ್ರೀದೇವಿಗೆ ರಾಷ್ಟ್ರಪ್ರಶಸ್ತಿ ಬಂತೆಂದು ಹೇಳುವವರ ಮೇಲೆ ನನಗೆ ಸಿಟ್ಟಿಲ್ಲ, ಬರಬೇಕಿತ್ತು. ಬಂದದ್ದು ನಟನೆಗಾಗಿ ಕಮಲ್‌ಗೆ, ಛಾಯಾಗ್ರಹಣಕ್ಕಾಗಿ ಬಾಲು ಮಹೇಂದ್ರರಿಗೆ. ಆಕೆಯ ಹೆಸರು ಆ ಪಟ್ಟಿಗೆ ಸೇರಿದ್ದು 2018ರಲ್ಲಿ, ‘ಮಾಮ್’ ಚಿತ್ರಕ್ಕೆ. ಅಷ್ಟರಲ್ಲಿ ಆಕೆಯೇ ಇರಲಿಲ್ಲ.

‘ಮೂನ್ರಾಂ ಪಿರೈ’ಯ ಕೊನೆಯ ದೃಶ್ಯ ಕೇತ್ತಿ ಸ್ಟೇಷನ್ನಿನದು. ನೆನಪು ಮರಳಿದ ಹುಡುಗಿಗೆ ಕಿಟಕಿಯಾಚೆ ಮಂಗನಾಟವಾಡುತ್ತಿರುವ ಮೇಷ್ಟ್ರು ಯಾರೆಂದೇ ತಿಳಿಯುವುದಿಲ್ಲ. ಸುತ್ತ ಮಳೆ. ಅಳಿಸಲೆಂದೇ ಪೈಪಿನಲ್ಲಿ ಸುರಿಸಿದ ಮಳೆ ಎಂದುಕೊಳ್ಳುತ್ತೇವೆ. ಬಾಡಿಗೆ ರೈಲು ಬಂದು ನಿಂತಿತ್ತು, ಬೆಟ್ಟದ ಮಳೆ ಬಿಡಲಿಲ್ಲ, ಬಾಲು ಮಹೇಂದ್ರ ಅದರಲ್ಲೇ ಕ್ಯಾಮೆರಾ ಓಡಿಸಿದರು.