ನಿಂತಲ್ಲೇ ನಡುಗುವ ಇಂಜಿನು: ಮೊದಲು ರಬ್ಬರ್ ಪೈಪು ನೋಡಿರಿ

ಮಳೆಗಾಲವಿಡೀ ಶೆಡ್ಡಿನಲ್ಲಿ ನಿಂತಿದ್ದ ಪೆಟ್ರೋಲ್ ಜೀಪು, ಜಿಪ್ಸಿ ಅಥವಾ ಓಮ್ನಿಯನ್ನು ಕೊಯ್ಲಿನ ಹೊತ್ತಿಗೆ ಹೊರಗೆ ತೆಗೆದಾಗ ಬೆಳೆಗಾರರಲ್ಲಿ ಅನೇಕರಿಗೆ ಒಂದು ತೊಂದರೆ ಎದುರಾಗುತ್ತದೆ. ಇಂಜಿನು ಸ್ಟಾರ್ಟ್ ಆಗುತ್ತದೆ. ಆಕ್ಸಿಲರೇಟರಿನಿಂದ ಕಾಲು ತೆಗೆದೊಡನೆ ಗಡಗಡನೆ ನಡುಗುತ್ತದೆ, ಏರಿಳಿಯುತ್ತದೆ, ಕೆಲವೊಮ್ಮೆ ನಿಂತೇ ಹೋಗುತ್ತದೆ. ವೇಗ ಕೊಟ್ಟರೆ ಮಾತ್ರ ಸರಿಯಾಗಿ ಓಡುತ್ತದೆ. ಆಗ ಕಾರ್ಬೊರೇಟರ್ ಬಿಚ್ಚಿಸುವುದು, ಪ್ಲಗ್ಗು ಬದಲಿಸುವುದು, ಅದರಿಂದಲೂ ಆಗದಿದ್ದರೆ ಐಡ್ಲಿಂಗ್ ಸ್ಕ್ರೂ ಬಿಗಿದು ಗಾಡಿ ಕಳುಹಿಸುವುದು ವಾಡಿಕೆ. ಹಣ ಖರ್ಚಾಗುತ್ತದೆ, ದೋಷ ಅಲ್ಲೇ ಉಳಿಯುತ್ತದೆ. ಎಷ್ಟೋ ಸಲ ಅದು ಕಿರುಬೆರಳ ಗಾತ್ರದ ಒಂದು ರಬ್ಬರ್ ಪೈಪಿನಲ್ಲಿರುತ್ತದೆ.

ಪಿಸ್ಟನ್ ಕೆಳಗಿಳಿಯುವಾಗ ಗಾಳಿಯನ್ನು ಒಳಗೆಳೆಯುತ್ತದೆ. ಐಡ್ಲಿಂಗ್‌ನಲ್ಲಿ ಗಾಳಿಯ ಬಾಗಿಲು, ಅಂದರೆ ಥ್ರಾಟಲ್, ಬಹುತೇಕ ಮುಚ್ಚಿರುವುದರಿಂದ ಅದರ ಆಚೆಯ ಮ್ಯಾನಿಫೋಲ್ಡಿನಲ್ಲಿ ಬಲವಾದ ಸೆಳೆತ ಉಂಟಾಗುತ್ತದೆ. ಇದೇ ನಿರ್ವಾತ, ಮೆಕ್ಯಾನಿಕ್ಕರ ಮಾತಿನಲ್ಲಿ ವ್ಯಾಕ್ಯೂಮ್. ಬ್ರೇಕ್ ಬೂಸ್ಟರ್, ಡಿಸ್ಟ್ರಿಬ್ಯೂಟರಿನ ಪಕ್ಕದ ತಟ್ಟೆಯಾಕಾರದ ಡಬ್ಬಿ ಮೊದಲಾದವು ಈ ಸೆಳೆತದಿಂದಲೇ ಕೆಲಸ ಮಾಡುತ್ತವೆ. ಅವುಗಳಿಗೆ ಹೋಗುವ ಪೈಪು ಬಿರುಕು ಬಿಟ್ಟರೆ ಕಾರ್ಬೊರೇಟರಿನ ಲೆಕ್ಕಕ್ಕೆ ಸಿಗದ ಗಾಳಿ ಒಳನುಗ್ಗುತ್ತದೆ. ಎಳನೀರು ಹೀರುವ ಕೊಳವೆಯಲ್ಲಿ ತೂತಾದ ಹಾಗೆ. ಪೆಟ್ರೋಲ್ ಸಾಲದೆ ಮಿಶ್ರಣ ತೆಳುವಾಗಿ ಇಂಜಿನು ಮಿಸ್ಸಿಂಗ್ ಹೊಡೆಯುತ್ತದೆ. ವೇಗ ಕೊಟ್ಟಾಗ ಥ್ರಾಟಲ್ ಮೂಲಕವೇ ಬೇಕಾದಷ್ಟು ಗಾಳಿ ಬರುವುದರಿಂದ ಆ ಸಣ್ಣ ಸೋರಿಕೆ ಲೆಕ್ಕಕ್ಕೆ ಬರುವುದಿಲ್ಲ. ಆದ್ದರಿಂದ ನಿಂತಾಗ ನಡುಗಿ ಓಡುವಾಗ ಸರಿಯಾಗುವ ಇಂಜಿನಿನಲ್ಲಿ ಮೊದಲು ಗಾಳಿ ಸೋರಿಕೆಯನ್ನು ಶಂಕಿಸಬೇಕು. ಏರಿನಲ್ಲಿ ಭಾರ ಬಿದ್ದಾಗಲೇ ಮಿಸ್ಸಿಂಗ್ ಹೆಚ್ಚಾದರೆ ಪ್ಲಗ್ಗು, ಪಾಯಿಂಟು, ಪೆಟ್ರೋಲ್ ಫಿಲ್ಟರುಗಳ ಕಡೆ ನೋಡತಕ್ಕದ್ದು.

ಕಾರ್ಬೊರೇಟರ್ ಇಲ್ಲದ ಇಂಜೆಕ್ಷನ್ ಗಾಡಿಗಳಲ್ಲಿ ಇದೇ ಸೋರಿಕೆ ಕೆಲವೊಮ್ಮೆ ಬೇರೆ ರೂಪದಲ್ಲಿ ಕಾಣಿಸಿಕೊಳ್ಳುತ್ತದೆ. ನಡುಗುವ ಬದಲು ಐಡ್ಲಿಂಗ್ ವೇಗವೇ ಏರಿ ಕುಳಿತುಬಿಡುತ್ತದೆ.

ಪರೀಕ್ಷೆಗೆ ದೊಡ್ಡ ಸಲಕರಣೆ ಬೇಡ. ಗಾಡಿಯನ್ನು ಸಮತಟ್ಟಾದ ಬಯಲಿನಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಹ್ಯಾಂಡ್ ಬ್ರೇಕ್ ಎಳೆದು, ಗೇರು ನ್ಯೂಟ್ರಲ್‌ನಲ್ಲಿಡಿ. ಇಂಜಿನು ಸ್ಟಾರ್ಟ್ ಮಾಡುವ ಮೊದಲೇ ಪ್ರತಿಯೊಂದು ಪೈಪನ್ನೂ ಬೆರಳಿನಿಂದ ಬಾಗಿಸಿ ನೋಡಿರಿ. ಶಾಖಕ್ಕೆ ರಬ್ಬರು ಗಟ್ಟಿಯಾಗಿ, ಕ್ಲಿಪ್ ಇರುವ ತುದಿಯಲ್ಲೇ ಮೊದಲು ಸೀಳುತ್ತದೆ. ಬಾಗಿಸದೆ ಸೀಳು ಕಾಣುವುದಿಲ್ಲ. ಎಣ್ಣೆ ತಾಗಿದ ಪೈಪು ಮೆತ್ತಗಾಗಿ ಜಾರುತ್ತದೆ. ನಮ್ಮ ಶೆಡ್ಡುಗಳಲ್ಲಿ ಇಲಿಗಳ ಉಪದ್ರವ ಬೇರೆ. ಬಾನೆಟ್ ಕೆಳಗೆ ಗೂಡು ಕಟ್ಟುವ ಇಲಿಗೆ ಒಂದು ರಾತ್ರಿ ಸಾಕು.

ಅನಂತರ ಇಂಜಿನು ಸ್ಟಾರ್ಟ್ ಮಾಡಿ ಕಿವಿಗೊಡಿರಿ. 'ಸುಯ್' ಎಂಬ ಸದ್ದು ಕೇಳಿದರೆ ಅರ್ಧ ಕೆಲಸ ಮುಗಿಯಿತು. ಕೇಳಿಸದಿದ್ದರೆ ಇಕ್ಕಳದ ಬಾಯಿಗೆ ಬಟ್ಟೆ ಸುತ್ತಿ, ಮ್ಯಾನಿಫೋಲ್ಡಿಗೆ ಹತ್ತಿರದಲ್ಲಿ ಒಂದೊಂದೇ ಪೈಪನ್ನು ಅದುಮಿರಿ. ಯಾವುದನ್ನು ಅದುಮಿದಾಗ ಇಂಜಿನು ಶಾಂತವಾಗುತ್ತದೋ ಆ ಪೈಪಿನಲ್ಲಿ ಅಥವಾ ಅದು ಹೋಗಿ ಸೇರುವ ಭಾಗದಲ್ಲಿ ಸೋರಿಕೆಯಿದೆ. (ಒಣಗಿದ ಪೈಪು ಅದುಮಿದಾಗಲೇ ಸೀಳಬಹುದು. ಅಂಥದ್ದು ಹೇಗೂ ಬದಲಿಸಬೇಕಾದದ್ದೇ.) ಕ್ರ್ಯಾಂಕ್‌ಕೇಸಿನ ಹೊಗೆ ಹೋಗುವ ಪೈಪನ್ನು ಅದುಮಿದರೆ ಒಳ್ಳೆಯ ಇಂಜಿನಿನಲ್ಲೂ ವೇಗ ತುಸು ಬದಲಾಗುತ್ತದೆ, ಅದಕ್ಕೆ ಗಾಬರಿ ಬೇಡ.

ಇದರಿಂದಲೂ ತಿಳಿಯದಿದ್ದರೆ ಕೈ ಸ್ಪ್ರೇಯರಿನಿಂದ ಶುದ್ಧ ನೀರನ್ನು ಪೈಪಿನ ತುದಿಗಳಿಗೂ ಕಾರ್ಬೊರೇಟರ್ ಬುಡದ ಗ್ಯಾಸ್ಕೆಟ್ಟಿಗೂ ಹನಿಹನಿಯಾಗಿ ಬಿಡಿರಿ. ಸೋರುವ ಜಾಗ ನೀರನ್ನು ಎಳೆದುಕೊಂಡಾಗ ಇಂಜಿನಿನ ಸದ್ದು ಕ್ಷಣಕಾಲ ಬದಲಾಗುತ್ತದೆ. ಡಿಸ್ಟ್ರಿಬ್ಯೂಟರು, ಪ್ಲಗ್ ವೈರುಗಳಿಗೆ ನೀರು ತಾಗಬಾರದು. ನೀರಿನ ಬದಲು ಪೆಟ್ರೋಲ್ ಚಿಮುಕಿಸಿ ನೋಡುವವರಿದ್ದಾರೆ. ಬಿಸಿ ಇಂಜಿನಿನ ಮೇಲೆ ಅದು ಬೆಂಕಿಗೆ ಆಹ್ವಾನ. ಬೋರ್ಡೋ ದ್ರಾವಣ ಹಾಕಿದ್ದ ಸ್ಪ್ರೇಯರೂ ಬೇಡ, ಮೈಲುತುತ್ತ ಲೋಹವನ್ನು ತಿನ್ನುತ್ತದೆ. ಇಷ್ಟೆಲ್ಲ ಮಾಡುವಾಗ ಹೆಗಲ ಮೇಲಿನ ಟವೆಲ್ಲನ್ನು ತೆಗೆದಿಡಿ, ಫ್ಯಾನಿಗೆ ಸಿಕ್ಕೀತು.

ವ್ಯಾಕ್ಯೂಮ್ ಗೇಜ್ ಇರುವ ವರ್ಕ್‌ಶಾಪಿಗೆ ಹೋದರೆ ಒಂದು ಮಾತು ನೆನಪಿರಲಿ. ಒಳ್ಳೆಯ ಇಂಜಿನು ಐಡ್ಲಿಂಗ್‌ನಲ್ಲಿ 17ರಿಂದ 21 ಅಂಗುಲ ತೋರಿಸಬೇಕೆಂಬುದು ಸಮುದ್ರಮಟ್ಟದ ಲೆಕ್ಕ. ಪ್ರತಿ 1,000 ಅಡಿ ಎತ್ತರಕ್ಕೆ ಸುಮಾರು 1 ಅಂಗುಲ ಕಡಿಮೆಯಾಗುತ್ತದೆ. ಮಂಗಳೂರಿನಲ್ಲಿ 19 ತೋರಿಸಿದ ಗಾಡಿ ಮಡಿಕೇರಿಯಲ್ಲಿ 15 ತೋರಿಸಿದರೆ ಅದು ದೋಷವಲ್ಲ.

ಎಲ್ಲ ಪೈಪುಗಳಿಗಿಂತ ಮುಖ್ಯವಾದದ್ದು ಬ್ರೇಕ್ ಬೂಸ್ಟರಿಗೆ ಹೋಗುವ ದಪ್ಪ ಪೈಪು. ಅದು ಸೋರಿದರೆ ಐಡ್ಲಿಂಗ್ ಕೆಡುವುದಷ್ಟೇ ಅಲ್ಲ, ಬ್ರೇಕಿನ ಸಹಾಯಬಲವೂ ಹೋಗುತ್ತದೆ. ಅಡಿಕೆ ಮೂಟೆ ಹೇರಿಕೊಂಡು ಚಾರ್ಮಾಡಿಯನ್ನೋ ಸಂಪಾಜೆಯನ್ನೋ ಇಳಿಯುವಾಗ ಪೆಡಲು ಕಲ್ಲಿನಂತಾದರೆ ಏನಾದೀತೆಂದು ಹೇಳಬೇಕಾಗಿಲ್ಲ. ಇಂಜಿನು ನಿಲ್ಲಿಸಿ ಪೆಡಲನ್ನು ಐದಾರು ಸಲ ಒತ್ತಿ, ಗಟ್ಟಿಯಾದ ಮೇಲೆ ಹಾಗೆಯೇ ಒತ್ತಿ ಹಿಡಿದು ಸ್ಟಾರ್ಟ್ ಮಾಡಿರಿ. ಪೆಡಲು ತುಸು ಕೆಳಗಿಳಿಯಬೇಕು. ಇಳಿಯದಿದ್ದರೆ ಪೈಪು, ಅದರ ಒಮ್ಮುಖ ವಾಲ್ವು, ಬೂಸ್ಟರ್ ಮೂರನ್ನೂ ಪರೀಕ್ಷಿಸುವವರೆಗೆ ಘಾಟಿ ಇಳಿಯಬೇಡಿ. ಡೀಸೆಲ್ ಗಾಡಿಗಳಲ್ಲಿ ಸಾಮಾನ್ಯವಾಗಿ ಈ ನಿರ್ವಾತಕ್ಕೆ ಪ್ರತ್ಯೇಕ ಪಂಪು ಇರುವುದರಿಂದ ಪೈಪು ಒಡೆದರೂ ಇಂಜಿನು ನಡುಗಿ ಸೂಚನೆ ಕೊಡುವುದಿಲ್ಲ. ಆದ್ದರಿಂದ ಡೀಸೆಲ್ ಗಾಡಿಯವರಿಗೆ ಈ ಪೆಡಲ್ ಪರೀಕ್ಷೆ ಇನ್ನೂ ಅಗತ್ಯ.

ಪೈಪು ಸಾಕಷ್ಟು ಉದ್ದವಿದ್ದು ತುದಿ ಮಾತ್ರ ಸೀಳಿದ್ದರೆ ಅರ್ಧ ಅಂಗುಲ ಕತ್ತರಿಸಿ ಮತ್ತೆ ತೂರಿಸಬಹುದು; ಬೂಸ್ಟರಿನ ಪೈಪಿಗೆ ಈ ತೇಪೆ ಕೆಲಸ ಬೇಡ, ಹೊಸದನ್ನೇ ಹಾಕಿಸಿ. ಔಷಧಿ ಹೊಡೆಯುವ ಪೈಪಿನ ತುಂಡಾಗಲಿ ಪಾರದರ್ಶಕ ಪ್ಲಾಸ್ಟಿಕ್ ಕೊಳವೆಯಾಗಲಿ ಇಲ್ಲಿ ಒಗ್ಗುವುದಿಲ್ಲ. ಶಾಖಕ್ಕೆ ಮೆತ್ತಗಾಗಿ ಸೆಳೆತಕ್ಕೆ ಒಳಗೇ ಅಂಟಿಕೊಳ್ಳುತ್ತವೆ. ಹಳೆಯ ತುಂಡನ್ನು ಅಂಗಡಿಗೆ ಕೊಂಡೊಯ್ದು ಅದೇ ಒಳ ಅಳತೆಯ ದಪ್ಪ ವ್ಯಾಕ್ಯೂಮ್ ಪೈಪು ಕೇಳಿರಿ. ಬಿಚ್ಚುವಾಗ ಒಂದನ್ನು ಹಾಕಿದ ಮೇಲೆಯೇ ಇನ್ನೊಂದಕ್ಕೆ ಕೈ ಹಾಕುವುದು ಕ್ಷೇಮ. ಸೋರಿಕೆ ನಿಂತ ಮೇಲೆ ಇಂಜಿನು ಜೋರಾಗಿ ಓಡತೊಡಗಿದರೆ, ಹಿಂದೆ ಯಾರೋ ಬಿಗಿದಿಟ್ಟ ಐಡ್ಲಿಂಗ್ ಸ್ಕ್ರೂವನ್ನು ಸ್ವಸ್ಥಾನಕ್ಕೆ ತಿರುಗಿಸಲು ಮರೆಯಬೇಡಿ.