ರೂಪಾಯಿ ಕುಸಿದಾಗ ವಿದೇಶ ಪ್ರವಾಸ: ವರ್ತಕರು ಮಾಡಬೇಕಾದ ಲೆಕ್ಕ

ಹೊಸಕೋಟೆಯ ವರ್ತಕರಿಗೂ ಸಣ್ಣ ಕೈಗಾರಿಕೋದ್ಯಮಿಗಳಿಗೂ ವಿದೇಶ ಪ್ರವಾಸ ಈಗ ದೂರದ ಮಾತಾಗಿ ಉಳಿದಿಲ್ಲ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ಬಳಿ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಕಾರ್ಯಾರಂಭ ಮಾಡಿದ ಮೇಲೆ, ಬೆಂಗಳೂರು ನಗರದ ವಾಹನ ದಟ್ಟಣೆಯನ್ನು ಹಾಯದೆ ಬೂದಿಗೆರೆ ಮಾರ್ಗವಾಗಿ ಹೋಗಿ ವಿಮಾನ ಹತ್ತುವ ಅನುಕೂಲ ಈ ತಾಲ್ಲೂಕಿಗೆ ಒದಗಿದೆ. ಸಿಮೆಂಟ್, ಬಣ್ಣ, ಟೈರ್, ಪಂಪ್‌ಸೆಟ್ ಮಾರಾಟಗಾರರನ್ನು ತಯಾರಿಕಾ ಕಂಪನಿಗಳೇ ಹೊರದೇಶಕ್ಕೆ ಕರೆದೊಯ್ಯುವ ಪದ್ಧತಿಯೂ ಬೆಳೆದಿದೆ. ಹಾಗೆ ಒಮ್ಮೆ ಹೋಗಿ ಬಂದವರು ಮುಂದಿನ ಬಾರಿ ಕುಟುಂಬದೊಡನೆ ಹೋಗಲು ಬಯಸುವುದು ಸಹಜ.

ಆದರೆ ರೂಪಾಯಿಯ ಮೌಲ್ಯ ಈ ಆಸೆಗೆ ಅಡ್ಡ ಬರುತ್ತಿದೆ. 2007ರ ಕೊನೆಯಲ್ಲಿ ಒಂದು ಡಾಲರಿಗೆ 40 ರೂಪಾಯಿಯ ಆಸುಪಾಸಿನಲ್ಲಿದ್ದ ದರ 2013ರ ಆಗಸ್ಟ್‌ನಲ್ಲಿ 68ನ್ನು, 2022ರ ಅಕ್ಟೋಬರ್‌ನಲ್ಲಿ 83ನ್ನು, 2025ರ ಡಿಸೆಂಬರ್‌ನಲ್ಲಿ 90ನ್ನು ದಾಟಿತು. ಅಂದು 40 ಸಾವಿರ ರೂಪಾಯಿಗೆ ದೊರೆಯುತ್ತಿದ್ದ ಸಾವಿರ ಡಾಲರಿಗೆ 2025ರ ಕೊನೆಯಲ್ಲಿ 90 ಸಾವಿರ ಕೊಡಬೇಕಾಯಿತು. ಹೊರಗಿನಿಂದ ಯಂತ್ರದ ಬಿಡಿಭಾಗಗಳನ್ನೋ ಕಚ್ಚಾ ವಸ್ತುವನ್ನೋ ತರಿಸುವ ಉದ್ಯಮಿಗೆ ಇದು ಇಮ್ಮಡಿ ಹೊರೆ. ಪ್ರವಾಸ ದುಬಾರಿಯಾಗುವ ವರ್ಷದಲ್ಲಿಯೇ ಆತನ ದುಡಿಯುವ ಬಂಡವಾಳವೂ ಬಿಗಿಯಾಗುತ್ತದೆ.

ಇಂತಹ ಸಮಯದಲ್ಲಿ ಕೆಲವರು ಪ್ರವಾಸವನ್ನೇ ಕೈಬಿಡುತ್ತಾರೆ. ಕೆಲವರು ‘ಥಾಯ್ಲೆಂಡ್ ಅಗ್ಗ, ಜಪಾನ್ ದುಬಾರಿ’ ಎಂಬ ಹಳೆಯ ಮಾತನ್ನು ನಂಬಿ ಹೊರಡುತ್ತಾರೆ. ಎರಡೂ ಲೆಕ್ಕ ಹಾಕದೆ ಕೈಗೊಂಡ ತೀರ್ಮಾನಗಳೇ. ಆಮದು ಸರಕು ತರಿಸುವವರು ಸರಕಿನ ಬೆಲೆ, ಸಾಗಣೆ, ಸುಂಕ ಎಲ್ಲವನ್ನೂ ಕೂಡಿಸಿ ಗೋದಾಮಿಗೆ ಬಂದು ಬೀಳುವ ದರವನ್ನು ಕಂಡುಕೊಂಡ ನಂತರವೇ ಆರ್ಡರ್ ಕೊಡುತ್ತಾರೆ. ಪ್ರವಾಸಕ್ಕೂ ಅದೇ ಶಿಸ್ತು ಅಗತ್ಯ.

ದುರ್ಬಲವಾದುದು ಯಾರ ಎದುರು?

ಡಾಲರಿನ ಎದುರು ರೂಪಾಯಿ ಕುಸಿದಿದೆ ಎಂದರೆ ಎಲ್ಲ ದೇಶಗಳ ಹಣದ ಎದುರೂ ಅಷ್ಟೇ ಕುಸಿದಿದೆ ಎಂದಲ್ಲ. ಪ್ರವಾಸಿ ಮೊದಲು ಕೇಳಬೇಕಾದ ಪ್ರಶ್ನೆ ತಾನು ಹೋಗುವ ದೇಶದ ಹಣದ ಎದುರು ರೂಪಾಯಿ ಎಲ್ಲಿದೆ ಎಂಬುದು.

ಯುಎಇಯ ದಿರ್ಹಮ್ 1997ರಿಂದ ಡಾಲರಿಗೆ 3.6725ರ ದರದಲ್ಲಿ ಕಟ್ಟಲ್ಪಟ್ಟಿದೆ. ಆದುದರಿಂದ ಡಾಲರ್ ಏರಿದಷ್ಟೂ ದುಬೈ ದುಬಾರಿಯಾಗುತ್ತದೆ. 2007ರ ಕೊನೆಯಲ್ಲಿ 11 ರೂಪಾಯಿಯ ಒಳಗಿದ್ದ ದಿರ್ಹಮ್ 2025ರ ಕೊನೆಗೆ 24 ರೂಪಾಯಿ ದಾಟಿತ್ತು. ಸೌದಿ ರಿಯಾಲ್ ಕೂಡ ಡಾಲರಿಗೆ ಕಟ್ಟಿದ ಹಣವೇ ಆದುದರಿಂದ ಉಮ್ರಾ ಯಾತ್ರೆಗೆ ಹಣ ಕೂಡಿಸುವ ಕುಟುಂಬಗಳು ಡಾಲರಿನ ಏರಿಕೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು. ಯೂರೊ 2025ರಲ್ಲಿ 100 ರೂಪಾಯಿಯನ್ನು ದಾಟಿತು. ಯುರೋಪಿನ ಷೆಂಗೆನ್ ವೀಸಾದ ಶುಲ್ಕವನ್ನು 2024ರ ಜೂನ್‌ನಲ್ಲಿ ವಯಸ್ಕರಿಗೆ 90 ಯೂರೊಗೆ ಏರಿಸಲಾಯಿತು. ವೀಸಾ ದೊರೆಯದಿದ್ದರೂ ಈ ಶುಲ್ಕ ಹಿಂತಿರುಗುವುದಿಲ್ಲ.

ಥಾಯ್ಲೆಂಡಿನ ಕಥೆ ಹಲವರಿಗೆ ಅಚ್ಚರಿ ತರಬಹುದು. 2005ರ ಸುಮಾರಿಗೆ ಒಂದು ಬಹ್ತ್‌ಗೆ 1 ರೂಪಾಯಿ 10 ಪೈಸೆಯಷ್ಟಿತ್ತು. 2025ರ ಕೊನೆಗೆ ಅದು 2 ರೂಪಾಯಿ 75 ಪೈಸೆಗೂ ಮೇಲಿತ್ತು. ಅಂದು 11 ಸಾವಿರ ರೂಪಾಯಿಗೆ ಸಿಗುತ್ತಿದ್ದ ಹತ್ತು ಸಾವಿರ ಬಹ್ತ್‌ಗೆ ಇಪ್ಪತ್ತು ವರ್ಷಗಳ ನಂತರ 27 ಸಾವಿರಕ್ಕಿಂತ ಹೆಚ್ಚು ತೆರಬೇಕಾಯಿತು. ಬ್ಯಾಂಕಾಕ್ ಅಗ್ಗವೆಂಬ ಮಾತು ಹುಟ್ಟಿದ ಕಾಲದ ದರ ಈಗಿಲ್ಲ.

ಜಪಾನಿನಲ್ಲಿ ನಡೆದುದು ಇದಕ್ಕೆ ತದ್ವಿರುದ್ಧ. 2012ರ ಮಧ್ಯಭಾಗದಲ್ಲಿ ಹತ್ತು ಸಾವಿರ ಯೆನ್‌ಗೆ ಸುಮಾರು 7 ಸಾವಿರ ರೂಪಾಯಿ ಬೇಕಾಗಿತ್ತು. ಯೆನ್ ಬಲವಾಗಿ ಕುಸಿದ 2024ರ ಜುಲೈ ಆರಂಭದಲ್ಲಿ ಅದಕ್ಕೆ ಸುಮಾರು 5,200 ರೂಪಾಯಿ ಸಾಕಾಯಿತು. ರೂಪಾಯಿ 90 ದಾಟಿದ 2025ರ ಡಿಸೆಂಬರ್‌ನಲ್ಲಿ ಕೂಡ 6 ಸಾವಿರಕ್ಕಿಂತ ಕಡಿಮೆಯೇ ಇತ್ತು. ಈ ಅವಧಿಯ ಬಹುಭಾಗ ಜಪಾನಿನಲ್ಲಿ ಬೆಲೆಯೇರಿಕೆಯೂ ಅತ್ಯಲ್ಪವಾಗಿತ್ತು. ಊಟ, ರೈಲು, ವಸ್ತುಸಂಗ್ರಹಾಲಯದ ಚೀಟಿ ಮುಂತಾದ ಒಳನಾಡಿನ ಖರ್ಚು ಭಾರತೀಯರಿಗೆ ಹಗುರವಾಯಿತೇ ಹೊರತು ಭಾರವಾಗಲಿಲ್ಲ. ಆದರೆ ಅಲ್ಲಿಗೆ ಹೋಗಿ ಬರುವ ವಿಮಾನದ ದರ ಬೇರೆ ಮಾತು. ಅದನ್ನು ಮುಂದೆ ನೋಡಬಹುದು.

ಸೊನ್ನೆಗಳ ಭ್ರಮೆ

ವಿಯೆಟ್ನಾಮಿನಲ್ಲಿ ಒಂದು ರೂಪಾಯಿಗೆ ನೂರಾರು ಡಾಂಗ್ ದೊರೆಯುತ್ತದೆ ಎಂಬುದು ಪ್ರವಾಸಿಗರಿಗೆ ಹಿತವಾದ ಸಂಗತಿ. ಆದರೆ ನೋಟಿನ ಮೇಲಿನ ಸೊನ್ನೆಗಳು ಅಗ್ಗದ ಗುರುತಲ್ಲ. 2015ರ ಕೊನೆಯಲ್ಲಿ ಒಂದು ರೂಪಾಯಿಗೆ ಸುಮಾರು 340 ಡಾಂಗ್ ಸಿಗುತ್ತಿತ್ತು. 2025ರ ಕೊನೆಯಲ್ಲಿ 290ರ ಆಸುಪಾಸಿಗೆ ಇಳಿಯಿತು. ಅಂದರೆ ಡಾಂಗ್‌ನ ಎದುರೂ ರೂಪಾಯಿ ಸೋತಿದೆ. ವಿಯೆಟ್ನಾಮ್ ಇಂದಿಗೂ ಮಿತವ್ಯಯದ ತಾಣವಾಗಿದ್ದರೆ ಅದಕ್ಕೆ ಅಲ್ಲಿನ ಊಟ, ವಸತಿ, ಬಸ್ಸುಗಳ ಬೆಲೆ ಕಡಿಮೆಯಿರುವುದು ಕಾರಣ. ಡಾಂಗ್‌ನ ಲೆಕ್ಕದಲ್ಲಿ ಲಕ್ಷಾಧಿಪತಿಯಾಗುವುದು ಕಾರಣವಲ್ಲ.

ಇನ್ನೊಂದು ಭ್ರಮೆ, ಹಣ ಕುಸಿದ ದೇಶವೆಲ್ಲ ಅಗ್ಗವೆಂಬುದು. 2021ರ ನಂತರ ಟರ್ಕಿಯ ಲಿರಾ ರೂಪಾಯಿಯ ಎದುರು ಬಹಳ ಕೆಳಗೆ ಬಿದ್ದಿತು. ಆದರೆ 2022ರ ಅಕ್ಟೋಬರ್‌ನಲ್ಲಿ ಅಲ್ಲಿನ ವಾರ್ಷಿಕ ಬೆಲೆಯೇರಿಕೆ ಶೇ 85ನ್ನು ಮೀರಿತ್ತು. ಹಣದ ಮೌಲ್ಯ ಇಳಿದಷ್ಟೂ ಅಂಗಡಿಯ ಬೆಲೆ ಏರಿದರೆ ಪ್ರವಾಸಿಗೆ ಉಳಿಯುವುದು ಏನೂ ಇಲ್ಲ.

ಶ್ರೀಲಂಕಾದ ಉದಾಹರಣೆ ಇವೆರಡರ ನಡುವಿನದು. 2022ರ ಆರಂಭದಲ್ಲಿ ನಮ್ಮ ನೂರು ರೂಪಾಯಿಗೆ ಅಲ್ಲಿನ ಸುಮಾರು 270 ರೂಪಾಯಿ ದೊರೆಯುತ್ತಿತ್ತು. ಆ ವರ್ಷದ ಆರ್ಥಿಕ ಬಿಕ್ಕಟ್ಟಿನ ನಡುವೆ ಅದು 450ನ್ನು ಮೀರಿತು. ಸೆಪ್ಟೆಂಬರ್ ವೇಳೆಗೆ ಕೊಲಂಬೊದಲ್ಲಿ ಬೆಲೆಯೇರಿಕೆ ಶೇ 70ರ ಸಮೀಪಕ್ಕೆ ಮುಟ್ಟಿ, ಆ ಲಾಭದ ಬಹುಪಾಲನ್ನು ನುಂಗಿತು. 2023ರಲ್ಲಿ ಬೆಲೆಯೇರಿಕೆ ಒಂದಂಕಿಗೆ ಇಳಿಯಿತು. 2025ರ ಕೊನೆಯಲ್ಲಿ ನೂರು ರೂಪಾಯಿಗೆ 340ರ ಮೇಲಿತ್ತು. ಬೆಂಗಳೂರಿನಿಂದ ಕೊಲಂಬೊಗೆ ಒಂದೂವರೆ ಗಂಟೆಯಷ್ಟು ಹೊತ್ತಿನ ಪ್ರಯಾಣವೆಂಬುದೂ ಈ ದೇಶದ ಪರವಾಗಿರುವ ಅಂಶ.

ರೂಪಾಯಿಯ ಲೆಕ್ಕವೇ ನಡೆಯುವ ನೆರೆನಾಡುಗಳು

ವಿನಿಮಯ ದರದ ಚಿಂತೆಯೇ ಬೇಡವೆನ್ನುವವರಿಗೆ ಎರಡು ದೇಶಗಳಿವೆ. ನೇಪಾಳದ ಹಣ 1993ರಿಂದ ನಮ್ಮ 100 ರೂಪಾಯಿಗೆ 160ರ ಸ್ಥಿರ ದರದಲ್ಲಿದೆ. ಭೂತಾನದ ನ್ಗುಲ್ಟ್ರಂ ನಮ್ಮ ರೂಪಾಯಿಗೆ ಸಮ. ಡಾಲರ್ ಎಷ್ಟೇ ಏರಲಿ, ಈ ದರಗಳು ಅಲುಗುವುದಿಲ್ಲ. ಪಶುಪತಿನಾಥ, ಮುಕ್ತಿನಾಥ ಯಾತ್ರೆಯನ್ನು ಬಯಸುವ ಹಿರಿಯರಿರುವ ಕುಟುಂಬಗಳಿಗೆ ನೇಪಾಳ ಒಳ್ಳೆಯ ಆಯ್ಕೆ. ಭಾರತೀಯರಿಗೆ ಅಲ್ಲಿ ವೀಸಾ ಬೇಕಿಲ್ಲ. ಆದರೆ 2018ರ ಡಿಸೆಂಬರ್‌ನಲ್ಲಿ ನೇಪಾಳವು 100 ರೂಪಾಯಿಗಿಂತ ಹೆಚ್ಚಿನ ಮುಖಬೆಲೆಯ ಭಾರತೀಯ ನೋಟುಗಳ ಬಳಕೆಯನ್ನು ನಿಷೇಧಿಸಿತ್ತು. ಯಾವ ನೋಟು ನಡೆಯುತ್ತದೆಂದು ಹೊರಡುವ ಮುನ್ನ ವಿಚಾರಿಸಿಕೊಳ್ಳುವುದು ಕ್ಷೇಮ.

ಭೂತಾನಕ್ಕೆ ಬೇರೊಂದು ಲೆಕ್ಕವಿದೆ. 2022ರ ಸೆಪ್ಟೆಂಬರ್‌ನಿಂದ ಭಾರತೀಯ ಪ್ರವಾಸಿಗರಿಗೆ ತಲಾ ಒಂದು ರಾತ್ರಿಗೆ 1,200 ರೂಪಾಯಿ ಸುಸ್ಥಿರ ಅಭಿವೃದ್ಧಿ ಶುಲ್ಕವನ್ನು ವಿಧಿಸಲಾಯಿತು. ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆ ಅರ್ಧ ಶುಲ್ಕ. ತಂದೆ, ತಾಯಿ, ಆ ವಯಸ್ಸಿನ ಇಬ್ಬರು ಮಕ್ಕಳು ಐದು ರಾತ್ರಿ ಉಳಿದರೆ ಈ ಶುಲ್ಕವೇ 18,000 ರೂಪಾಯಿಯಾಗುತ್ತದೆ. ಬಾಗ್‌ಡೋಗ್ರಾವರೆಗೆ ದೇಶೀಯ ವಿಮಾನದಲ್ಲಿ ಹೋಗಿ ಅಲ್ಲಿಂದ ರಸ್ತೆಯ ಮೂಲಕ ಫುಂಟ್‌ಶೋಲಿಂಗ್ ತಲುಪಿದರೆ ವಿಮಾನದ ಖರ್ಚಿನಲ್ಲಿ ಉಳಿತಾಯ ಸಾಧ್ಯ.

ಖರ್ಚನ್ನು ಮೂರಾಗಿ ವಿಂಗಡಿಸಿ

ವಿನಿಮಯ ದರದ ಲಾಭವಾಗಲಿ ನಷ್ಟವಾಗಲಿ ಪ್ರವಾಸದ ಇಡೀ ಖರ್ಚಿಗೆ ಅನ್ವಯಿಸುವುದಿಲ್ಲ. ಖರ್ಚನ್ನು ಮೂರು ಭಾಗ ಮಾಡಿಕೊಳ್ಳಬೇಕು. ವಿಮಾನದ ಟಿಕೆಟ್, ಡಾಲರಿನಲ್ಲಿ ಕಾಯ್ದಿರಿಸಿದ ಹೋಟೆಲು ಮೊದಲನೆಯದು. ಟಿಕೆಟ್ಟಿಗೆ ರೂಪಾಯಿಯಲ್ಲಿ ಹಣ ಕೊಟ್ಟರೂ ವಿಮಾನದ ಇಂಧನ ಮತ್ತು ವಿಮಾನಗಳ ಬಾಡಿಗೆ ಡಾಲರಿನ ಮೇಲೆ ನಿಂತಿರುವುದರಿಂದ ಅದು ಡಾಲರಿನ ಖರ್ಚೇ. ಆ ದೇಶದ ಹಣದಲ್ಲಿ ಮಾಡುವ ಊಟ, ಓಡಾಟ, ಖರೀದಿ ಎರಡನೆಯದು. ವೀಸಾ ಏಜೆಂಟರ ಶುಲ್ಕ, ವಿಮೆ, ವಿಮಾನ ನಿಲ್ದಾಣದವರೆಗಿನ ಟ್ಯಾಕ್ಸಿ ಮುಂತಾದ ಇಲ್ಲಿಯ ಖರ್ಚು ಮೂರನೆಯದು.

ಉದಾಹರಣೆಗೆ ನಾಲ್ವರ ಪ್ರವಾಸಕ್ಕೆ ಮೊದಲ ಭಾಗ 2 ಲಕ್ಷ 40 ಸಾವಿರ, ಎರಡನೆಯ ಭಾಗ 60 ಸಾವಿರ ಎಂದಿಟ್ಟುಕೊಳ್ಳೋಣ. ಡಾಲರ್ ಶೇ 5ರಷ್ಟು ಏರಿ, ಅದು ಪೂರ್ಣವಾಗಿ ಪ್ರವಾಸಿಯ ಮೇಲೆ ಬಿದ್ದರೆ 12 ಸಾವಿರ ರೂಪಾಯಿ ಹೆಚ್ಚಾಗುತ್ತದೆ. ಆ ದೇಶದ ಹಣ ಶೇ 5ರಷ್ಟು ಅಗ್ಗವಾದರೆ ಉಳಿಯುವುದು ಕೇವಲ 3 ಸಾವಿರ. ಆದುದರಿಂದ ನಾಲ್ಕೈದು ದಿನದ ಪ್ರವಾಸವಾದರೆ ಟಿಕೆಟ್ ಅಗ್ಗವಿರುವ ಹತ್ತಿರದ ದೇಶವೇ ಮೇಲು. ಹತ್ತು ಹನ್ನೆರಡು ದಿನ ನಿಲ್ಲುವುದಾದರೆ ಮಾತ್ರ, ದೂರವಾದರೂ ಜಪಾನಿನಂತಹ ದೇಶದಲ್ಲಿ ವಿನಿಮಯ ದರದ ಲಾಭ ಕೈಗೆ ಹತ್ತುತ್ತದೆ.

ಆಷಾಢದ ಅನುಕೂಲ

ಮಕ್ಕಳ ಬೇಸಗೆ ರಜೆಯಲ್ಲಿ ಹಾಗೂ ಡಿಸೆಂಬರ್ ಕೊನೆಯಲ್ಲಿ ಟಿಕೆಟ್ ದರ ಏರುವುದು ಎಲ್ಲರಿಗೂ ತಿಳಿದದ್ದೇ. ಮದುವೆ, ಗೃಹಪ್ರವೇಶಗಳಿಲ್ಲದ ಆಷಾಢದಲ್ಲಿ ಬಟ್ಟೆ, ಪಾತ್ರೆ, ಚಿನ್ನ, ಕಟ್ಟಡ ಸಾಮಗ್ರಿಗಳ ವ್ಯಾಪಾರ ಮಂದವಾಗಿರುತ್ತದೆ. ಅಂಗಡಿಯನ್ನು ಒಂದು ವಾರ ಇತರರಿಗೆ ವಹಿಸಿ ಹೋಗಲು ವರ್ತಕರಿಗೆ ಅದು ತಕ್ಕ ಕಾಲ. ಥಾಯ್ಲೆಂಡಿನ ಬಹುಭಾಗದಲ್ಲಿ ಆಗ ಮಳೆಗಾಲವಾದುದರಿಂದ ಹೋಟೆಲು ದರ ಇಳಿದಿರುತ್ತದೆ. ಶ್ರೀಲಂಕಾದ ಪೂರ್ವ ತೀರದಲ್ಲಿ, ಕೋಣೇಶ್ವರಂ ದೇವಾಲಯವಿರುವ ತ್ರಿಂಕೋಮಲಿಯ ಕಡೆ, ಆಗ ಒಣ ಹವೆ. ಮಧ್ಯ ವಿಯೆಟ್ನಾಮಿನ ದಾ ನಾಂಗ್‌ನಲ್ಲಿಯೂ ಮಳೆ ಕಡಿಮೆ. ನೇಪಾಳಕ್ಕೆ ಮಾತ್ರ ಅದು ಸಲ್ಲದ ಕಾಲ. ಮಳೆಯಿಂದ ಬೆಟ್ಟದ ರಸ್ತೆಗಳು ಕುಸಿಯುತ್ತವೆ.

ಪ್ರತಿ ತಿಂಗಳೂ ಜಿಎಸ್‌ಟಿ ರಿಟರ್ನ್ ಸಲ್ಲಿಸುವವರು 20ನೇ ತಾರೀಖಿನ ಜಿಎಸ್‌ಟಿಆರ್-3ಬಿ ಮುಗಿಸಿ ಹೊರಟು, 11ನೇ ತಾರೀಖಿನ ಜಿಎಸ್‌ಟಿಆರ್-1ಕ್ಕೆ ಮುನ್ನ ಮರಳುವಂತೆ ಯೋಜಿಸಿದರೆ ದಂಡದ ಭಯವಿರುವುದಿಲ್ಲ.

ತೆರಿಗೆಯ ಬಾಬ್ತು

2004ರ ಫೆಬ್ರವರಿಯಲ್ಲಿ ರಿಸರ್ವ್ ಬ್ಯಾಂಕು ವ್ಯಕ್ತಿಯೊಬ್ಬರಿಗೆ ವರ್ಷಕ್ಕೆ 25 ಸಾವಿರ ಡಾಲರ್ ಹೊರಗೆ ಕಳುಹಿಸಲು ಅವಕಾಶ ನೀಡಿತು. 2015ರಲ್ಲಿ ಅದನ್ನು ಎರಡೂವರೆ ಲಕ್ಷ ಡಾಲರಿಗೆ ಏರಿಸಲಾಯಿತು. ಆದುದರಿಂದ ಸಣ್ಣ ಪ್ರವಾಸಕ್ಕೆ ಮಿತಿಯ ತೊಂದರೆಯಿಲ್ಲ. ತೊಂದರೆಯಿರುವುದು ಮೂಲದಲ್ಲೇ ಸಂಗ್ರಹಿಸುವ ತೆರಿಗೆಯಲ್ಲಿ, ಅಂದರೆ ಟಿಸಿಎಸ್‌ನಲ್ಲಿ. 2023ರ ಅಕ್ಟೋಬರ್ 1ರಿಂದ ವಿದೇಶ ಪ್ರವಾಸದ ಪ್ಯಾಕೇಜ್ ಮೇಲೆ 7 ಲಕ್ಷದವರೆಗೆ ಶೇ 5, ಅದರ ಮೇಲೆ ಶೇ 20ರಂತೆ ವಸೂಲು ಮಾಡಲಾಯಿತು. 2025ರ ಏಪ್ರಿಲ್‌ನಿಂದ ಆ ಮಿತಿಯನ್ನು 10 ಲಕ್ಷಕ್ಕೆ ಏರಿಸಲಾಯಿತು. 2026ರ ಬಜೆಟ್ಟಿನಲ್ಲಿ ಮಿತಿಯಿಲ್ಲದೆ ಶೇ 2ಕ್ಕೆ ಇಳಿಸುವ ಪ್ರಸ್ತಾವ ಮಂಡನೆಯಾಯಿತು. ಪಾವತಿಯ ದಿನ ಯಾವ ದರವಿದೆಯೆಂದು ಲೆಕ್ಕಪರಿಶೋಧಕರನ್ನು ಕೇಳಿಕೊಳ್ಳಬೇಕು. ಈ ಮೊತ್ತ ಆದಾಯ ತೆರಿಗೆಯಲ್ಲಿ ಹೊಂದಾಣಿಕೆಯಾಗುತ್ತದೆಯಾದರೂ ಅಲ್ಲಿಯವರೆಗೆ ಹಣ ಕಟ್ಟಿಹಾಕಿದಂತೆಯೇ.

ಕಂಪನಿಗಳು ಏರ್ಪಡಿಸುವ ಡೀಲರ್ ಪ್ರವಾಸವೂ ಪೂರ್ತಿ ಉಚಿತವಲ್ಲ. ವರ್ಷಕ್ಕೆ 20 ಸಾವಿರ ರೂಪಾಯಿಗಿಂತ ಹೆಚ್ಚಿನ ಇಂತಹ ಸೌಲಭ್ಯದ ಮೇಲೆ ಶೇ 10 ತೆರಿಗೆಯನ್ನು ಮೂಲದಲ್ಲೇ ಕಡಿತ ಮಾಡುವ 194ಆರ್ ವಿಧಿ 2022ರ ಜುಲೈ 1ರಂದು ಜಾರಿಗೆ ಬಂದಿತು. ಪ್ರವಾಸದ ಮೌಲ್ಯವನ್ನು ವರ್ತಕರು ತಮ್ಮ ಆದಾಯದಲ್ಲಿ ತೋರಿಸಬೇಕು. ಶೇ 30ರ ಹಂತದಲ್ಲಿರುವವರಿಗೆ 80 ಸಾವಿರದ ಪ್ರವಾಸಕ್ಕೆ ಮೇಲ್ತೆರಿಗೆಗಳನ್ನು ಬಿಟ್ಟು 24 ಸಾವಿರ ತೆರಿಗೆಯಾಗುತ್ತದೆ. ಪ್ರವಾಸದ ಬದಲಿಗೆ ಅಷ್ಟೇ ಮೌಲ್ಯದ ರಿಯಾಯಿತಿಯನ್ನು ಬಿಲ್ಲಿನಲ್ಲಿ ಕೇಳಿ ಪಡೆದರೆ ಅದೂ ಲಾಭವಾಗಿ ತೆರಿಗೆಗೆ ಒಳಪಡುತ್ತದೆ. ಆದರೆ ತೆರಿಗೆ ಕಟ್ಟಲು ಕೈಯಲ್ಲಿ ಹಣವಿರುತ್ತದೆ. ಕುಟುಂಬದ ವಿಹಾರದ ಬಿಲ್ಲನ್ನು ಸಂಸ್ಥೆಯ ಲೆಕ್ಕಕ್ಕೆ ಸೇರಿಸಿ ಜಿಎಸ್‌ಟಿ ಹೂಡುವಳಿ ತೆರಿಗೆ ಜಮೆ ಪಡೆಯಲು ಕಾನೂನಿನಲ್ಲಿ ಅವಕಾಶವಿಲ್ಲ.

ಹಣ ಒಯ್ಯುವ ಬಗೆ

ವಿಮಾನ ನಿಲ್ದಾಣದ ಕೌಂಟರಿನಲ್ಲಿ ಕೊನೆಯ ಗಳಿಗೆಯಲ್ಲಿ ಹಣ ಬದಲಿಸುವುದು ಸಾಮಾನ್ಯವಾಗಿ ದುಬಾರಿ. ಎರಡು ಮೂರು ಅಧಿಕೃತ ವಿನಿಮಯ ಕೇಂದ್ರಗಳ ದರ ಹೋಲಿಸಿ, ಸ್ವಲ್ಪ ನಗದು, ಉಳಿದುದನ್ನು ಮುಂಗಡ ತುಂಬಿದ ಫಾರೆಕ್ಸ್ ಕಾರ್ಡಿನಲ್ಲಿ ಒಯ್ಯಬೇಕು. ಸಾಧಾರಣ ಕ್ರೆಡಿಟ್ ಕಾರ್ಡಿನಲ್ಲಿ ವಿನಿಮಯದ ಮೇಲೆ ಶೇ 2ರಿಂದ 3.5ರವರೆಗೆ ಹೆಚ್ಚುವರಿ ಬೀಳುವುದುಂಟು. ಹೊರದೇಶದ ಅಂಗಡಿಯಲ್ಲಿ ಯಂತ್ರವು ‘ರೂಪಾಯಿಯಲ್ಲಿ ಪಾವತಿಸುವಿರಾ’ ಎಂದು ಕೇಳಿದರೆ ಬೇಡವೆಂದು ಆ ದೇಶದ ಹಣವನ್ನೇ ಆರಿಸಬೇಕು. ರೂಪಾಯಿಯ ಆಯ್ಕೆಯಲ್ಲಿ ದರ ನಿಗದಿ ಮಾಡುವವರು ಅಲ್ಲಿಯವರು. ಭೂತಾನದಲ್ಲಿ 2021ರ ಜುಲೈನಲ್ಲಿ, ಶ್ರೀಲಂಕಾ ಮತ್ತು ಮಾರಿಷಸ್‌ಗಳಲ್ಲಿ 2024ರ ಫೆಬ್ರವರಿಯಲ್ಲಿ ಯುಪಿಐ ಪಾವತಿ ಆರಂಭವಾಗಿರುವುದು ಸಣ್ಣ ಖರ್ಚಿಗೆ ಉಪಯುಕ್ತ.

ಎಲ್ಲಕ್ಕೂ ಮಿಗಿಲಾದ ನಿಯಮವೊಂದಿದೆ. ಪ್ರವಾಸದ ಹಣ ಲಾಭದಿಂದ ಬರಬೇಕೇ ಹೊರತು ಬ್ಯಾಂಕಿನ ಓ.ಡಿ. ಖಾತೆಯಿಂದಲ್ಲ. ಸರಬರಾಜುದಾರರ ಬಾಕಿ ತೀರಿಸಿ, ಕಾರ್ಮಿಕರ ಸಂಬಳ ತೆಗೆದಿರಿಸಿದ ಮೇಲೆ ಉಳಿಯುವ ಮೊತ್ತವನ್ನು ಮೊದಲು ನಿರ್ಧರಿಸಿ, ಆ ಮೊತ್ತಕ್ಕೆ ಹೊಂದುವ ದೇಶವನ್ನು ನಂತರ ಆರಿಸಬೇಕು. ಹಾಗೆ ಆರಿಸುವವರಿಗೆ ರೂಪಾಯಿ ದುರ್ಬಲವಾದ ವರ್ಷದಲ್ಲಿಯೂ ಹೋಗಿ ಬರಬಹುದಾದ ದೇಶವೊಂದು ಇದ್ದೇ ಇರುತ್ತದೆ.